ಏಲೆಂಡ್ ಊರಿಗೆ ಒಂದು ಟಿಕೆಟ್

ಗೆಳೆಯಾ,

ಮೊನ್ನೆ ಶನಿವಾರ ರೈಲ್ವೆ ಕೌಂಟರಿನಲ್ಲಿ ನಿಂತು ‘ದುರ್ಗತಿಗೆ ಒಂದು ಟಿಕೆಟ್ ಕೊಡಿ’ ಅಂದೆ. ಆಕೆ ನಗಲೂ ಇಲ್ಲ, ಕೊಟ್ಟರು.

ತಮಾಷೆಯಲ್ಲ. ಇಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ‘ಏಲೆಂಡ್’ ಅಂತ ಒಂದು ಪುಟ್ಟ ಊರಿದೆ. ವೆರ್ನಿಗೆರೋಡೆ ಅನ್ನುವ ಪಟ್ಟಣದಿಂದ ಉಗಿಬಂಡಿಯಲ್ಲಿ ಹೋಗಬಹುದು. ಈಗಿನ ಜರ್ಮನ್‌ನಲ್ಲಿ ಏಲೆಂಡ್ ಅಂದರೆ ದುರ್ಗತಿ, ದೈನ್ಯ. ಕೊಳೆಗೇರಿಗೂ ‘ಏಲೆಂಡ್ಸ್‌ಫಿಯರ್ಟೆಲ್’ ಅನ್ನುತ್ತಾರೆ. ಅಲ್ಲಿಂದ ಮುಂದೆ ‘ಜೋರ್ಗೆ’ ಅನ್ನುವ ಸ್ಟೇಷನ್ ಬರುತ್ತದೆ. ಆ ಪದಕ್ಕೆ ಚಿಂತೆ ಅಂತ ಅರ್ಥ! ಎಂಥ ಲೈನು ನೋಡು.

ಮನೆಗೆ ಬಂದು ನಿಘಂಟು ತೆಗೆದೆ. ಏಲೆಂಡ್‌ನ ಹಳೆಯ ರೂಪ ‘ಎಲಿಲೆಂಟಿ’. ‘ಎಲಿ’ ಅಂದರೆ ಬೇರೆ. ಇಂಗ್ಲಿಷಿನ ‘ಎಲ್ಸ್’, ಲ್ಯಾಟಿನ್ನಿನ ‘ಆಲಿಯುಸ್’ ಇದರ ದಾಯಾದಿಗಳು. ‘ಲೆಂಟಿ’ಯಲ್ಲಿರುವುದು ನಮಗೆಲ್ಲ ಗೊತ್ತಿರುವ ಲ್ಯಾಂಡ್. ಬೇರೆ ನಾಡು, ಅಷ್ಟೇ. ಅದರಲ್ಲಿ ಕಣ್ಣೀರಿನ ಹನಿಯೂ ಇಲ್ಲ.

ಮತ್ತೆ ದುಃಖ ಎಲ್ಲಿಂದ ಬಂತು? ಆಗಿನ ಕಾಲದಲ್ಲಿ ಕುಲ, ಊರು ಇದ್ದವನಿಗೆ ಮಾತ್ರ ಕಾನೂನಿನ ಆಸರೆ. ಗಡಿಪಾರಾದವನನ್ನು ಹೊಡೆದರೂ ಕೇಳುವವರಿಲ್ಲ. ಹೊರನಾಡಿನಲ್ಲಿ ಇರುವುದೂ ಗತಿಗೆಡುವುದೂ ಒಂದೇ ಆಯಿತು. 15ನೇ ಶತಮಾನದ ಕೊನೆಯ ಹೊತ್ತಿನ ಒಂದು ಜರ್ಮನ್ ಹಾಡಿನಲ್ಲಿ ಇನ್ಸ್‌ಬ್ರುಕ್ ಊರು ಬಿಟ್ಟು ಹೊರಟವನು ‘ನಾನು ಏಲೆಂಡ್‌ನಲ್ಲಿದ್ದೇನೆ’ ಅನ್ನುತ್ತಾನೆ. ಅಲ್ಲಿ ಆ ಪದಕ್ಕೆ ಪರನಾಡು ಅನ್ನುವ ಹಳೆಯ ಅರ್ಥ ಇನ್ನೂ ಉಳಿದಿದೆ. ಆಮೇಲೆ ನಾಡು ಕರಗಿ ಹೋಯಿತು, ಸಂಕಟ ಮಾತ್ರ ಉಳಿಯಿತು.

ಇಷ್ಟು ಓದುವಾಗಲೇ ನನಗೆ ಅಜ್ಜಿಯ ದನಿ ಕೇಳಿಸಿತು. “ಪರದೇಸಿ ಥರ ಬಾಗ್ಲಲ್ಲಿ ಯಾಕೋ ನಿಂತಿದೀಯ? ಒಳಗ್ ಬಾ, ಕೈಕಾಲು ತೊಳ್ಕೊ.” ಪರ ಅಂದರೆ ಬೇರೆ, ದೇಶ ಅಂದರೆ ನಾಡು. ಎಲಿಲೆಂಟಿಯದೇ ಅಚ್ಚು, ಅಲ್ವಾ? ಹಿಂದಿ ಹಾಡುಗಳ ಪರ್ದೇಸಿ ಪ್ರೇಮಿ. ನಮ್ಮ ಪರದೇಶಿ ಮಾತ್ರ ದಿಕ್ಕಿಲ್ಲದವನು. ಬೆಂಗಳೂರು ದಾಟದ ಅಜ್ಜಿ ನನ್ನನ್ನು ಅಚ್ಚ ಜರ್ಮನ್ ಲೆಕ್ಕದಲ್ಲೇ ಬೈಯುತ್ತಿದ್ದಳು.

ಅಂದಹಾಗೆ ಏಲೆಂಡ್‌ನಲ್ಲಿ ಏಲೆಂಡ್ ಏನೂ ಕಾಣಲಿಲ್ಲ. ಮರದ ಪುಟ್ಟ ಚರ್ಚು, ಸುತ್ತ ಕಾಡು. ಇಲ್ಲಿ ನನಗೂ ಅಂಥ ದುರ್ಗತಿಯೇನಿಲ್ಲ, ಸುಮ್ನೆ ಗಾಬರಿಯಾಗಬೇಡ. ಶೇಂಗಾ ಚಟ್ನಿಪುಡಿ ಮಾತ್ರ ಹೋದ ವಾರ ಖಾಲಿಯಾಯಿತು. ಈ ಕಡೆ ಯಾರಾದರೂ ಬರುವವರಿದ್ದರೆ ಅರ್ಧ ಕೆಜಿ ಕಳಿಸು. ಖಾರ ಸ್ವಲ್ಪ ಜಾಸ್ತಿ ಇರಲಿ.

ನಿನ್ನ,
ಪರದೇಶಿ