ಲೈನ್ ಮನೆಗೂ ಬರಲಿ ಬಿಪಿ ಮಿಷನ್

ಮಾನ್ಯರೇ,

ಗರ್ಭಿಣಿಯರಿಗೆ ಐದು ತಿಂಗಳು ದಾಟಿದ ಮೇಲೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರೀಎಕ್ಲಾಂಪ್ಸಿಯಾ ಕಾಯಿಲೆ ಯಾಕೆ ಬರುತ್ತದೆ ಎಂದು ಕೇಳಿದರೆ ನಾವು ಓದುವ ಕಾಲದಲ್ಲಿ ಯಾರೂ ನೆಟ್ಟಗೆ ಉತ್ತರ ಕೊಡುತ್ತಿರಲಿಲ್ಲ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ಕಿಡ್ನಿ ತಜ್ಞ ಡಾ. ಅನಂತ್ ಕರುಮಂಚಿ ಮತ್ತು ಸಂಗಡಿಗರು 2003ರಲ್ಲಿ ಅದರ ಒಂದು ಎಳೆ ಹಿಡಿದರು. ಮಾಸಿನಿಂದ ಎಸ್-ಎಫ್‌ಎಲ್‌ಟಿ-1 ಎಂಬ ಪ್ರೋಟೀನ್ ಅತಿಯಾಗಿ ತಾಯಿಯ ರಕ್ತಕ್ಕೆ ಸೇರಿ, ರಕ್ತನಾಳಗಳ ಒಳಪದರ ಆರೋಗ್ಯವಾಗಿರಲು ಬೇಕಾದ ಅಂಶಗಳನ್ನು ಕಟ್ಟಿಹಾಕುತ್ತದೆ ಎಂಬುದು ಅವರು ಕಂಡದ್ದು. ಬಸುರಿ ಇಲಿಗಳಲ್ಲಿ ಅದನ್ನು ಹೆಚ್ಚಿಸಿದಾಗ ಅವಕ್ಕೂ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಹೋಯಿತು. ಅದೇ ಜಾಡಿನಲ್ಲಿ ಬಂದ ರಕ್ತಪರೀಕ್ಷೆಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.

ಇದನ್ನೆಲ್ಲ ಓದಿ ಖುಷಿಯಾಯಿತು. ಆದರೆ ಕೊಡಗಿನ ಸಿದ್ದಾಪುರದ ಕಡೆಯ ತೋಟಗಳ ನಡುವೆ ಸಿಸ್ಟರ್ ಆಗಿ ದುಡಿದು ನಿವೃತ್ತಳಾದ ನನಗೆ, ಆ ಪರೀಕ್ಷೆ ತೋಟದ ಕಾರ್ಮಿಕರ ಲೈನ್ ಮನೆ ಮುಟ್ಟುವ ಮೊದಲು ಸಾದಾ ಬಿಪಿ ಮಿಷನ್ ಸರಿಯಾಗಿ ಮುಟ್ಟಿದರೆ ಸಾಕಿತ್ತು ಅನಿಸುತ್ತದೆ. ಕೆಲವು ತಾಯಿ ಕಾರ್ಡ್ ತೆರೆದು ನೋಡಿ: ಮೂರನೇ ತಿಂಗಳಿಗೂ 110/70, ಎಂಟನೇ ತಿಂಗಳಿಗೂ 110/70. ಮನುಷ್ಯರ ಬಿಪಿ ಹಾಗೆ ಕಲ್ಲಿನ ಹಾಗೆ ನಿಲ್ಲುವುದಿಲ್ಲ. ತೋಳಿಗೆ ಬಿಪಿ ಪಟ್ಟಿ ಕಟ್ಟದೆಯೇ ಬರೆದ ಅಂಕಿ ಅದು. ಇನ್ನು ಕೆಲವು ಕಡೆ ಏರು ಹತ್ತಿ ಏದುಸಿರು ಬಿಡುತ್ತಾ ಬಂದವಳ ಕೈಗೆ ನಿಂತಲ್ಲೇ ಪಟ್ಟಿ ಸುತ್ತುತ್ತಾರೆ. ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ಹಿಂದೆ ನಾವು ಟೆಸ್ಟ್ ಟ್ಯೂಬಿನಲ್ಲಿ ಮೂತ್ರ ಕಾಯಿಸಿ, ನಾಲ್ಕು ಹನಿ ಅಸಿಟಿಕ್ ಆಸಿಡ್ ಬಿಟ್ಟು, ಪ್ರೋಟೀನ್ ಇದ್ದರೆ ಕಾಣುವ ಬಿಳಿ ಮಬ್ಬು ಉಳಿಯುತ್ತದಾ ಎಂದು ಕಣ್ಣಿಟ್ಟು ನೋಡುತ್ತಿದ್ದೆವು. ಈಗ ಮೂತ್ರದಲ್ಲಿ ಪರೀಕ್ಷಾ ಪಟ್ಟಿ ಅದ್ದಿದರೆ ಬಣ್ಣವೇ ಹೇಳುತ್ತದೆ. ಅದೂ ಎಷ್ಟೋ ಸಲ ‘ಸ್ಟಾಕ್ ಇಲ್ಲ’.

ಕಾಲು ಬಾತರೆ ‘ಬಸುರಿಗೆ ಇದ್ದದ್ದೇ’ ಅನ್ನುತ್ತಾರೆ, ನಿಜ. ಮುಖ, ಕೈ ಬಾತರೆ, ತಲೆನೋವು ಬಿಡದೆ ಕಾಡಿದರೆ, ಕಣ್ಣು ಮಂಜಾದರೆ ಹಾಗನ್ನಬಾರದು. ಬಲಗಡೆ ಪಕ್ಕೆಯ ಕೆಳಗೆ ನೋವು ಬಂದಾಗ ಗ್ಯಾಸ್ಟ್ರಿಕ್ ಎಂದು ಅಂಗಡಿ ಮಾತ್ರೆ ನುಂಗಿ ಮಲಗುವವರನ್ನು ಬಹಳ ಕಂಡಿದ್ದೇನೆ. ಬಿಪಿ 140/90 ದಾಟಿದ್ದರೆ ಅದು ಗ್ಯಾಸ್ಟ್ರಿಕ್ ಎಂದು ಸುಮ್ಮನಿರುವ ಹಾಗಿಲ್ಲ.

ಇನ್ನೊಂದು ಮಾತು ಆಸ್ಪಿರಿನ್‌ದು. ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ 11ರಿಂದ 14ನೇ ವಾರದ ನಡುವೆ ಶುರುಮಾಡಿ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ಟ ಆಸ್‌ಪ್ರೀ ಅಧ್ಯಯನದಲ್ಲಿ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವ ಪ್ರೀಎಕ್ಲಾಂಪ್ಸಿಯಾ ಶೇ 62ರಷ್ಟು ತಗ್ಗಿತು. 2017ರಲ್ಲಿ ಅದು ಪ್ರಕಟವಾಯಿತು. ಅಗ್ಗದ ಮಾತ್ರೆ, ಆದರೆ ಯಾರಿಗೆ, ಎಷ್ಟು ಎಂದು ವೈದ್ಯರೇ ಹೇಳಬೇಕು, ತಾವಾಗಿ ನುಂಗುವಂಥದ್ದಲ್ಲ. 16 ವಾರ ದಾಟಿದ ಮೇಲೆ ಶುರುಮಾಡಿದರೆ ಅಷ್ಟು ಪ್ರಯೋಜನ ಸಿಗುವುದಿಲ್ಲ. ನಮ್ಮ ತೊಡಕು ಇರುವುದು ಇಲ್ಲಿಯೇ. ಯರವ, ಜೇನುಕುರುಬ ಬುಡಕಟ್ಟಿನ ಹೆಣ್ಣುಮಕ್ಕಳು, ಅಸ್ಸಾಂನಿಂದ ಬಂದ ಕಾರ್ಮಿಕರ ಮನೆಯವರು ಎಷ್ಟೋ ಮಂದಿ ಹೊಟ್ಟೆ ಕಾಣುವ ತನಕ ಹೆಸರು ಬರೆಸುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿನಲ್ಲಂತೂ ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ ಇದೆ ಅಂದರೆ ಅವರಿಗೇನು? ಆ ದಿನ ತೋಟದಲ್ಲಿ ಕೆಲಸ ಇರುತ್ತದೆ.

ಹಾಗಾಗಿ ಅವರಿದ್ದಲ್ಲಿಗೇ ಹೋಗಬೇಕು. ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪದಲ್ಲಿ ಸಂತೆ ದಿನ ಇಡೀ ತೋಟವೇ ಪೇಟೆಗೆ ಇಳಿಯುತ್ತದೆ. ಸಂತೆ ಪಕ್ಕದಲ್ಲೇ ಒಂದು ಮೇಜು, ಎರಡು ಕುರ್ಚಿ, ಒಂದು ಮರೆ, ಭಾಷೆ ಗೊತ್ತಿರುವ ಒಬ್ಬರು ಇದ್ದರೆ ಎಷ್ಟೋ ಕೆಲಸ ಆಗುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ಕ್ಲಿಪ್ ಅಧ್ಯಯನದಲ್ಲಿ ಆಶಾ ಕಾರ್ಯಕರ್ತೆಯರೇ ಮನೆ ಮನೆಗೆ ಹೋಗಿ ಬಿಪಿ ನೋಡಿದ್ದಾರೆ. ಅಲ್ಲಿ ಒಟ್ಟಾರೆ ಸಾವು-ನೋವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಬಿಪಿ ಪತ್ತೆಯಾದ ಮೇಲೆ ಮುಂದಿನ ಆಸ್ಪತ್ರೆ, ಔಷಧಿ, ಗಾಡಿ ಸಿದ್ಧವಿಲ್ಲದಿದ್ದರೆ ಮಿಷನ್ ಒಂದರಿಂದ ಏನಾದೀತು?

ಔಷಧಿ ಹೊಸದೇನಲ್ಲ. ಪ್ರೀಎಕ್ಲಾಂಪ್ಸಿಯಾ ಇರುವವರಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರೆ ಫಿಟ್ಸ್ ಬರುವ ಅಪಾಯ ಅರ್ಧಕ್ಕೆ ಇಳಿಯುತ್ತದೆ ಎಂದು 10 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ 2002ರಲ್ಲೇ ತೋರಿಸಿತು. ಕುಟ್ಟದಿಂದಲೋ ಕರಿಕೆಯಿಂದಲೋ ಮಡಿಕೇರಿಗೆ, ಅಲ್ಲಿಯೂ ಆಗದಿದ್ದರೆ ಮೈಸೂರಿಗೆ ಹೋಗುವ ದಾರಿ ನೆನೆಸಿಕೊಳ್ಳಿ. ಆಂಬುಲೆನ್ಸ್ ಹತ್ತಿಸುವ ಮುನ್ನ ಮೊದಲ ಡೋಸ್ ಚುಚ್ಚಿಯೇ ಕಳುಹಿಸಬೇಕು. ಆ ಆಂಪೂಲ್ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿದೆಯಾ, ಕೊಡಲು ತರಬೇತಿಯಾದವರು ರಾತ್ರಿಯೂ ಇರುತ್ತಾರಾ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳು ಒಮ್ಮೆ ಖುದ್ದು ನೋಡಲಿ.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೆರಿಗೆ ಇರುವ, ಬಿಪಿ ಏರಿರುವ ಗರ್ಭಿಣಿಯರ ಪಟ್ಟಿ ಮೇ ತಿಂಗಳಲ್ಲೇ ಆಗಬೇಕು. ದಿನ ಹತ್ತಿರ ಬಂದಾಗ ಅವರು ಆಸ್ಪತ್ರೆ ಇರುವ ಊರಿನಲ್ಲೇ ಉಳಿಯುವ ಏರ್ಪಾಡು ಬೇಕು. ತೋಟದ ಮಾಲೀಕರು ತಪಾಸಣೆ ದಿನದ ಕೂಲಿ ಹಿಡಿಯದೆ, ಕರೆದೊಯ್ಯಲು ಜೀಪು ಕೊಟ್ಟರೆ ದೊಡ್ಡ ಉಪಕಾರ. ಕೊಡುವವರು ಈಗಲೂ ಇದ್ದಾರೆ; ಉಳಿದವರಿಗೆ ಕಾರ್ಮಿಕ ಇಲಾಖೆ ಒಂದು ಮಾತು ಹೇಳಲಿ.

– ನಿವೃತ್ತ ಆರೋಗ್ಯ ಸಹಾಯಕಿ, ಕೊಡಗು