ಬೋರ್ಡ್ ಮುದ್ರಿಸುವ ಯಂತ್ರ ವಿದ್ಯಾರ್ಥಿಗಳ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಬೆಳ್ಳಿ ಶಾಯಿಯಿಂದ ಹಲಗೆಯ ಮೇಲೆ ಸರ್ಕ್ಯೂಟಿನ ಗೆರೆ ಎಳೆಯುವ, ಮೇಜಿನ ಮೇಲೆ ಕೂರುವ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮುದ್ರಣ ಯಂತ್ರಗಳ ಬಗ್ಗೆ ಹಿಂದಿನ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಲೇಖನ ಬಂದಿತ್ತು. ಇನ್ನು ಸರ್ಕ್ಯೂಟ್ ಬೋರ್ಡಿಗಾಗಿ ಕಾರ್ಖಾನೆಯ ದಾರಿ ಕಾಯಬೇಕಿಲ್ಲ ಎಂಬುದು ಲೇಖಕರ ಅಭಿಪ್ರಾಯ. ಮೂರು ದಿನ ಕಳೆದು ಬಂದ ಓದುಗರ ಪತ್ರವೊಂದು ಅದೇ ಯಂತ್ರವನ್ನು ದುಬಾರಿ ಆಟಿಕೆ ಎಂದು ತಳ್ಳಿಹಾಕಿತು. ನಾನು ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ 31 ವರ್ಷ ಬೋಧಕಿಯಾಗಿದ್ದವಳು. ಕೊನೆಯ ಐದು ವರ್ಷ ಇಂಥದೊಂದು ಯಂತ್ರದ ಪಕ್ಕದಲ್ಲೇ ಕೆಲಸ ಮಾಡಿದೆ. ಇಬ್ಬರ ಮಾತನ್ನೂ ಒಪ್ಪಲು ನನಗೆ ಆಗುತ್ತಿಲ್ಲ, ಅದಕ್ಕೇ ಈ ಪತ್ರ.

ಮೊದಲು ಒಬ್ಬ ಹುಡುಗಿಯ ಬೋರ್ಡಿನ ವಿಚಾರ ಹೇಳುತ್ತೇನೆ. ಕೊನೆಯ ವರ್ಷದ ವಿದ್ಯಾರ್ಥಿನಿ. ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಸಣ್ಣ ಸ್ವಿಚಿಂಗ್ ರೆಗ್ಯುಲೇಟರ್ ಮಾಡುತ್ತಿದ್ದಳು, ಲೋಡ್ ಹೆಚ್ಚೆಂದರೆ 100 ಮಿಲಿಆಂಪಿಯರ್. ಬೆಸುಗೆ ಇಲ್ಲದೆ ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಮೇಲೆ ಅದು ಎಷ್ಟು ಮಾಡಿದರೂ ಸ್ಥಿರವಾಗಲಿಲ್ಲ. ಆಗುವುದೂ ಇಲ್ಲ. ಉದ್ದುದ್ದ ವೈರುಗಳು ತಾವೇ ಇಂಡಕ್ಟರುಗಳಾಗಿ ವಿದ್ಯುತ್ತಿನ ಏರಿಳಿತವನ್ನು ತಡೆಯುತ್ತವೆ. ಅಕ್ಕಪಕ್ಕದ ಸಾಲುಗಳ ನಡುವೆ ಕೆಲವು ಪೈಕೋಫ್ಯಾರಡ್ ಕೆಪ್ಯಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಗುಣ) ಇದ್ದೇ ಇರುತ್ತದೆ. ಇಂಥ ಸರ್ಕ್ಯೂಟಿಗೆ ಬೋರ್ಡಿನ ಮೇಲಿನ ಜಾಗವೂ ಒಂದು ಬಿಡಿಭಾಗವೇ. ಅದನ್ನು ಪಾಠ ಹೇಳಿ ಅರ್ಥಮಾಡಿಸಲು ನಾನು ಎಷ್ಟೋ ವರ್ಷ ಒದ್ದಾಡಿದ್ದೇನೆ.

ಬೆಳಿಗ್ಗೆ ಅವಳು ಡಿಸೈನ್ ಫೈಲನ್ನು ಯಂತ್ರಕ್ಕೆ ಕೊಟ್ಟಳು. ಮಧ್ಯಾಹ್ನಕ್ಕೆ ಬೆಳ್ಳಿ ಗೆರೆಗಳ ಬೋರ್ಡ್ ಕೈಯಲ್ಲಿತ್ತು. ಕೆಲಸ ಮಾಡಲಿಲ್ಲ. ಬಿಸಿ 547 ಟ್ರಾನ್ಸಿಸ್ಟರ್ ಸಿಗದೆ ಅವಳು 2ಎನ್ 3904 ಹಾಕಿದ್ದಳು. ಎರಡೂ ಹೊರನೋಟಕ್ಕೆ ಒಂದೇ, ಕಪ್ಪು ತಲೆ, ಮೂರು ಕಾಲು. ಆದರೆ ಚಪ್ಪಟೆ ಬದಿಯನ್ನು ನಮ್ಮ ಕಡೆಗೆ ಹಿಡಿದರೆ ಮೊದಲನೆಯದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ತಯಾರಕರ ವಿವರಪತ್ರ, ಅಂದರೆ ಡೇಟಾಶೀಟ್ ತೆಗೆದು ಅವಳೇ ಕಂಡುಹಿಡಿದಳು. ಸಂಜೆಗೆ ಎರಡನೆಯ ಬೋರ್ಡ್ ಬಂತು. ಈ ಸಲ ಔಟ್‌ಪುಟ್ ಬಂತು, ಆದರೆ ಆಸಿಲೋಸ್ಕೋಪಿನಲ್ಲಿ ಸೂಜಿಯಂಥ ಸ್ಪೈಕುಗಳು. ಇನ್‌ಪುಟ್ ಕೆಪ್ಯಾಸಿಟರನ್ನು ಚಿಪ್ಪಿನಿಂದ 22 ಮಿಲಿಮೀಟರ್ ದೂರ ಇಟ್ಟಿದ್ದಳು. ಮರುದಿನ ಅದನ್ನು 3 ಮಿಲಿಮೀಟರ್ ದೂರಕ್ಕೆ ತಂದು ಮೂರನೆಯ ಬೋರ್ಡ್ ತೆಗೆದಳು. ಸ್ಪೈಕುಗಳು ಎದ್ದುಕಾಣುವಷ್ಟು ಕುಗ್ಗಿದವು. ಅವಳು ಪ್ರೋಬನ್ನು ಹಳೆಯ ಬೋರ್ಡಿಗೊಮ್ಮೆ ಹೊಸದಕ್ಕೊಮ್ಮೆ ಮುಟ್ಟಿಸುತ್ತ ಸುಮಾರು ಹೊತ್ತು ಅಲ್ಲೇ ಕೂತಿದ್ದಳು.

ನಾವು ಕಾರ್ಖಾನೆಗೆ ಕಳಿಸಿದ ಬೋರ್ಡ್ ತಿರುಗಿ ಬರಲು ಎರಡು ವಾರ ಹಿಡಿಯುತ್ತಿತ್ತು. ಮೂರು ಸಲ ಅಂದರೆ ಆರು ವಾರ. ಅಷ್ಟು ಕಾಯುವ ಪುರುಸೊತ್ತು ಪ್ರಾಜೆಕ್ಟಿಗೆ ಇರುವುದಿಲ್ಲ. ಹಾಗಾಗಿ ಮೊದಲ ಬೋರ್ಡಿನ ತಪ್ಪನ್ನು ವೈರು ಸುತ್ತಿ ಮುಚ್ಚಿ, ಅಂಕ ಪಡೆದು ಹೊರಡುವುದೇ ರೂಢಿಯಾಗಿತ್ತು. ಕೆಪ್ಯಾಸಿಟರ್ ಎಲ್ಲಿರಬೇಕು ಎಂಬ ಪ್ರಶ್ನೆಯವರೆಗೆ ಯಾರೂ ತಲುಪುತ್ತಲೇ ಇರಲಿಲ್ಲ. ಆ ಹುಡುಗಿ ನಾಲ್ಕನೆಯ ಡಿಸೈನನ್ನು ಕಾರ್ಖಾನೆಗೇ ಕಳಿಸಿದಳು, ತಾಮ್ರದ ಬೋರ್ಡ್ ತರಿಸಿಕೊಂಡಳು. ಲೇಖಕರು ಗಮನಿಸಬೇಕಾದ್ದು ಇದನ್ನು. ಯಂತ್ರ ಕಾರ್ಖಾನೆಯ ಬದಲಿಗೆ ಬಂದದ್ದಲ್ಲ. ಕಾರ್ಖಾನೆಗೆ ಹೋಗುವ ಮುಂಚೆ ತಪ್ಪುಗಳನ್ನು ಮಾಡಿ ಮುಗಿಸುವ ಜಾಗ ಅದು.

ಶಾಯಿಯಿಂದ ಸರ್ಕ್ಯೂಟ್ ಬರೆಯುವುದು ಹೊಸ ವಿಚಾರ ಎಂಬಂತೆ ಲೇಖನದಲ್ಲಿತ್ತು. ಅಮೆರಿಕದ ಚಾರ್ಲ್ಸ್ ಡುಕಾಸ್ 1925ರಲ್ಲೇ ವಿದ್ಯುತ್ ಹರಿಸುವ ಶಾಯಿಯನ್ನು ಅಚ್ಚಿನ ಮೂಲಕ ಹಲಗೆಯ ಮೇಲೆ ಮೂಡಿಸುವುದಕ್ಕೆ ಪೇಟೆಂಟ್ ಪಡೆದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಗುರಿಯ ಹತ್ತಿರ ಬಂದಾಗ ತಾನಾಗಿ ಸಿಡಿಯುವ ಶೆಲ್ಲುಗಳ ಫ್ಯೂಜಿಗಾಗಿ (ಸಿಡಿಸುವ ಸಾಧನ) ಸೆರಾಮಿಕ್ ತಟ್ಟೆಯ ಮೇಲೆ ಬೆಳ್ಳಿ ಬಣ್ಣವನ್ನು ಪರದೆಯ ಮೂಲಕ ಮುದ್ರಿಸಿದರು. ವಿಯೆನ್ನಾದಿಂದ ಲಂಡನ್ನಿಗೆ ಬಂದ ಪಾಲ್ ಐಸ್ಲರ್ ಹಿಡಿದದ್ದು ಇನ್ನೊಂದು ದಾರಿ: ತಾಮ್ರದ ಹಾಳೆ ಅಂಟಿಸಿ, ಬೇಡದ್ದನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆಯುವುದು. ಕಾರ್ಖಾನೆಗಳಲ್ಲಿ ಆ ದಾರಿಯೇ ಗೆದ್ದಿತು. ಮುಂದೆ ನ್ಯೂಯಾರ್ಕಿನ ಬಾಟ್‌ಫ್ಯಾಕ್ಟರಿ 2014ರಲ್ಲಿ ಸ್ಕ್ವಿಂಕ್ ಎಂಬ ಮೇಜಿನ ಮುದ್ರಣ ಯಂತ್ರವನ್ನು ಜನರ ಮುಂದಿಟ್ಟಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಓದಿದವರು ಕಟ್ಟಿದ ವೋಲ್ಟೆರಾ ವಿ-ಒನ್ ಯಂತ್ರ 2015ರಲ್ಲಿ ಹೊಸ ವಿನ್ಯಾಸಗಳಿಗೆ ಕೊಡುವ ಜೇಮ್ಸ್ ಡೈಸನ್ ಪ್ರಶಸ್ತಿ ಗಳಿಸಿತು. ಬೆಳ್ಳಿ ಶಾಯಿ ಮತ್ತೆ ಮೇಜಿನ ಮೇಲೆ ಬಂದು ಕೂತಿತು.

ಆದರೆ ತಾಮ್ರ ಗೆದ್ದದ್ದಕ್ಕೆ ಕಾರಣವಿದೆ. ಯಂತ್ರ ಕೊಳ್ಳುವವರು ಅದನ್ನು ಮೊದಲು ತಿಳಿಯಬೇಕು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶುದ್ಧ ಬೆಳ್ಳಿ ತಾಮ್ರಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ನಿಜ. ಆದರೆ ಶಾಯಿ ಶುದ್ಧ ಬೆಳ್ಳಿಯಲ್ಲ. ಅಂಟಿನೊಳಗೆ ತೇಲುವ ಬೆಳ್ಳಿಯ ಕಣಗಳು ಅವು. ಕಾಯಿಸಿ ಗಟ್ಟಿ ಮಾಡಿದ ಮೇಲೂ ವಿದ್ಯುತ್ತು ಕಣದಿಂದ ಕಣಕ್ಕೆ ದಾಟುತ್ತಲೇ ಹೋಗಬೇಕು. ಟ್ರ್ಯಾಕಿನ, ಅಂದರೆ ಬೋರ್ಡಿನ ಮೇಲಿನ ಗೆರೆಯ, ರೋಧವನ್ನು ಲೆಕ್ಕ ಹಾಕಲು ನಾನು ಮಕ್ಕಳಿಗೆ ಚೌಕ ಎಣಿಸುವುದನ್ನು ಕಲಿಸುತ್ತಿದ್ದೆ. 0.25 ಮಿಲಿಮೀಟರ್ ಅಗಲದ, 100 ಮಿಲಿಮೀಟರ್ ಉದ್ದದ ಟ್ರ್ಯಾಕ್ ಅಂದರೆ ತುದಿಗೆ ತುದಿ ಜೋಡಿಸಿದ 400 ಚೌಕಗಳು. ಕಾರ್ಖಾನೆಯ ಸಾಮಾನ್ಯ ಬೋರ್ಡಿನಲ್ಲಿ ತಾಮ್ರದ ದಪ್ಪ 35 ಮೈಕ್ರಾನ್. ಚೌಕವೊಂದಕ್ಕೆ ಸುಮಾರು ಅರ್ಧ ಮಿಲಿಓಮ್. ಒಟ್ಟು 0.2 ಓಮ್. ನಮ್ಮ ಯಂತ್ರದ ಶಾಯಿಯನ್ನು ನಾವೇ ಅಳೆದಾಗ ಚೌಕಕ್ಕೆ 12 ಮಿಲಿಓಮ್ ಆಸುಪಾಸು ಬಂತು. ಅದೇ ಟ್ರ್ಯಾಕಿಗೆ ಹತ್ತಿರ ಹತ್ತಿರ 5 ಓಮ್.

ಐದು ಓಮ್ ಏನು ಮಾಡುತ್ತದೆ ಎಂಬುದನ್ನು ಒಬ್ಬ ಹುಡುಗ ಎರಡು ದಿನ ಕಷ್ಟಪಟ್ಟು ಕಲಿತ. ಅವನ ವೈಫೈ ಮಾಡ್ಯೂಲ್ ಆನ್ ಆಗುತ್ತಿತ್ತು, ನೆಟ್‌ವರ್ಕ್ ಹುಡುಕಲು ಹೊರಟೊಡನೆ ರೀಸೆಟ್ ಆಗುತ್ತಿತ್ತು. ಪ್ರೋಗ್ರಾಮನ್ನು ಮೂರು ಸಲ ಬರೆದ. ‘ಮೇಡಂ, ಮಾಡ್ಯೂಲೇ ಕೆಟ್ಟಿದೆ’ ಎಂದು ಬಂದ. ಪವರ್ ಟ್ರ್ಯಾಕಿನ ಚೌಕ ಎಣಿಸು ಎಂದೆ. ಸಿಗ್ನಲ್ ಕಳಿಸುವ ಗಳಿಗೆಯಲ್ಲಿ ಆ ಮಾಡ್ಯೂಲ್ 300 ಮಿಲಿಆಂಪಿಯರ್ ಎಳೆಯುತ್ತದೆ. ಐದು ಓಮಿನ ಮೇಲೆ ಒಂದೂವರೆ ವೋಲ್ಟ್ ಬಿದ್ದುಹೋಗುತ್ತದೆ. 3.3 ವೋಲ್ಟ್ ಬೇಕಾದ ಚಿಪ್ಪಿಗೆ ತಲುಪುವುದು 1.8. ಟ್ರ್ಯಾಕನ್ನು ಎರಡೂವರೆ ಮಿಲಿಮೀಟರ್ ಅಗಲ ಮಾಡಿದ, ಚೌಕಗಳು 40ಕ್ಕೆ ಇಳಿದವು, ಮಾಡ್ಯೂಲ್ ಎದ್ದು ನಿಂತಿತು. ತಾಮ್ರದ ಬೋರ್ಡಿನಲ್ಲಾಗಿದ್ದರೆ ಅವನಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಟ್ರ್ಯಾಕಿಗೂ ರೋಧವಿದೆ ಎಂಬುದನ್ನು ಆ ಹುಡುಗ ಇನ್ನು ಮರೆಯುವುದಿಲ್ಲ.

ಬೆಸುಗೆಯದು ಮತ್ತೊಂದು ಸಂಕಷ್ಟ. ಎಲ್ಲರೂ ರೂಢಿಯಂತೆ 350 ಡಿಗ್ರಿಗೆ ಸೋಲ್ಡರಿಂಗ್ ಐರನ್ ಕಾಯಿಸಿ ಮಾಮೂಲಿ ಸೋಲ್ಡರ್ ಹಿಡಿಯುತ್ತಾರೆ. ಕರಗಿದ ತವರ ಬೆಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ನೀರಿಗೆ ಬಿದ್ದ ಉಪ್ಪಿನ ಹಾಗೆ ಪ್ಯಾಡ್ (ಬಿಡಿಭಾಗದ ಕಾಲು ಕೂರುವ ಬೆಳ್ಳಿಯ ಜಾಗ) ಕಣ್ಣೆದುರೇ ಮಾಯವಾಗುತ್ತದೆ. ಇದಕ್ಕೆ ಬೇಕಾದ್ದು ತವರ ಮತ್ತು ಬಿಸ್ಮತ್ ಬೆರೆತ, 138 ಡಿಗ್ರಿಯ ಸುತ್ತಮುತ್ತ ಕರಗುವ ಸೋಲ್ಡರ್. ಐರನ್ನಿನ ಬಿಸಿಯನ್ನೂ ಇಳಿಸಬೇಕು, ಕೈಯೂ ಬೇಗ ತೆಗೆಯಬೇಕು. ಆ ಬೆಸುಗೆ ಪೆಡಸು. ಬೋರ್ಡ್ ಕೆಳಗೆ ಬಿದ್ದರೆ ಬಿಡಿಭಾಗ ಹಾರಿಹೋಗಬಹುದು. ಮೊದಲ ವರ್ಷ ನಮ್ಮಲ್ಲಿ ಹಾಳಾದ ಬೋರ್ಡುಗಳಲ್ಲಿ ಹೆಚ್ಚಿನವು ಮುದ್ರಣದಲ್ಲಿ ಕೆಟ್ಟವಲ್ಲ, ಐರನ್ನಿನ ತುದಿಯಲ್ಲಿ ಸತ್ತವು.

ಎರಡು ಬದಿಯ ಬೋರ್ಡ್ ಬೇಕಾದರೆ ತೂತು ಕೊರೆದು, ಸಣ್ಣ ರಿವೆಟ್ ಕೂರಿಸಿ ಮೇಲುಕೆಳಗನ್ನು ಜೋಡಿಸಬೇಕು, ತಾಳ್ಮೆಯ ಕೆಲಸ. ನಾಲ್ಕು ಪದರ ನಮ್ಮಲ್ಲಿದ್ದಂಥ ಯಂತ್ರದ ಕೆಲಸವೇ ಅಲ್ಲ. ಬೆಳ್ಳಿಯ ಜೊತೆಗೆ ನಿರೋಧಕ ಶಾಯಿಯನ್ನೂ ಪದರ ಪದರವಾಗಿ ಮುದ್ರಿಸುವ ಇಸ್ರೇಲಿನಲ್ಲಿ ಶುರುವಾದ ನ್ಯಾನೋ ಡೈಮೆನ್ಷನ್ ಕಂಪನಿಯ ಡ್ರ್ಯಾಗನ್‌ಫ್ಲೈ ಇದೆ, ಆದರೆ ಅದು ಬೇರೆಯೇ ವರ್ಗದ್ದು. ಶಾಯಿಯ ತಂಟೆಯೇ ಬೇಡ ಎನ್ನುವವರಿಗೆ ತಾಮ್ರವನ್ನು ಕೆತ್ತಿ ತೆಗೆಯುವ ಮಿಲ್ಲಿಂಗ್ ಯಂತ್ರಗಳಿವೆ. ಅಲ್ಲಿ ಸಿಗುವುದು ನಿಜವಾದ ತಾಮ್ರ, ಮಾಮೂಲಿ ಸೋಲ್ಡರ್ ನಡೆಯುತ್ತದೆ. ಆದರೆ ಬೋರ್ಡಿಗೆ ಬಳಸುವ ಎಫ್ಆರ್-4 ಹಲಗೆ ಎಂದರೆ ಗಾಜಿನ ನಾರು, ಎಪಾಕ್ಸಿ. ಅದರ ಧೂಳನ್ನು ಯಾರೂ ಉಸಿರಾಡಬಾರದು. ಧೂಳು ಎಳೆಯುವ ವ್ಯವಸ್ಥೆ ಇಲ್ಲದೆ ಅದನ್ನು ತರಗತಿಯಲ್ಲಿ ಓಡಿಸಬೇಡಿ.

ಇಷ್ಟು ಮಿತಿಗಳಿದ್ದರೆ ಆಟಿಕೆ ಎಂದವರ ಮಾತೇ ಸರಿಯಲ್ಲವೇ ಎಂದು ಕೇಳಬಹುದು. ಅವರ ಪತ್ರದಲ್ಲಿ ಬೇಡದ ತಾಮ್ರವನ್ನು ಕರಗಿಸುವ ಹಳೆಯ ಫೆರಿಕ್ ಕ್ಲೋರೈಡ್ ತಟ್ಟೆಯೇ ಸಾಕು ಎಂಬ ಸಲಹೆ ಇತ್ತು. ಆ ತಟ್ಟೆಯ ಮುಂದೆ ನಾನು ನನ್ನ ಅರ್ಧ ಆಯುಸ್ಸು ಕಳೆದಿದ್ದೇನೆ. ತಾಮ್ರದ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಆಮೇಲೆ ಲೇಸರ್ ಪ್ರಿಂಟಿನ ಟೋನರನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ, ದ್ರಾವಣದಲ್ಲಿ ಅಲುಗಾಡಿಸುತ್ತ ನಿಂತವಳು. ಕೆಲಸ ಕಲಿಯಲು ಅದು ಒಳ್ಳೆಯ ದಾರಿ, ಅಲ್ಲಗಳೆಯುವುದಿಲ್ಲ. ಆದರೆ ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ, ನೀರಿನ ಜೀವಿಗಳಿಗೆ ಅದು ವಿಷ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ಸಿಂಕಿಗೆ ಸುರಿಯುವುದೇ ಪದ್ಧತಿಯಾಗಿತ್ತು, ನಾನೂ ಸುರಿದಿದ್ದೇನೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಬೆಳ್ಳಿಯೂ ನೀರಿಗೆ ಸೇರಬಾರದ ಲೋಹವೇ; ಕೆಟ್ಟ ಬೋರ್ಡುಗಳನ್ನು, ಶಾಯಿ ಒರೆಸಿದ ಬಟ್ಟೆಯನ್ನು ನಾವು ಬೇರೆ ಡಬ್ಬಿಯಲ್ಲಿ ಕೂಡಿಡುತ್ತಿದ್ದೆವು. ಆದರೂ ಬಕೆಟ್ಟುಗಟ್ಟಲೆ ದ್ರಾವಣಕ್ಕಿಂತ ಒಂದು ಡಬ್ಬಿ ಸಂಭಾಳಿಸುವುದು ಸುಲಭ.

ಈಗ ನನ್ನನ್ನು ಈ ಪತ್ರ ಬರೆಯಲು ಹಚ್ಚಿದ ನೋವಿನ ಸಂಗತಿ. ನಾನು ನಿವೃತ್ತಳಾದ ಮೇಲೆ ಒಂದು ಸಂಸ್ಥೆಯವರು ತಮ್ಮ ಹೊಸ ಪ್ರಯೋಗಾಲಯ ನೋಡಲು ಕರೆದಿದ್ದರು. ಗಾಜಿನ ಕೋಣೆ, ಅದರೊಳಗೆ ಇಂಥದೇ ಯಂತ್ರ, ಬಾಗಿಲಿಗೆ ಬೀಗ. ಬೀಗದ ಕೈ ವಿಭಾಗದ ಮುಖ್ಯಸ್ಥರಲ್ಲಿ. ಯಂತ್ರ ಬಂದು ಒಂದೂವರೆ ವರ್ಷವಾಗಿತ್ತು. ಪೆಟ್ಟಿಗೆಯೊಡನೆ ಬಂದ ಶಾಯಿಯ ಕಾರ್ಟ್ರಿಜ್ಜುಗಳು ಅಲ್ಲೇ ಕಪಾಟಿನಲ್ಲಿದ್ದವು, ಒಂದನ್ನೂ ಒಡೆದಿರಲಿಲ್ಲ. ಈ ಶಾಯಿಯನ್ನು ತಂಪಿನಲ್ಲಿಡಬೇಕು, ಅದರ ಬಾಳಿಕೆ ತಿಂಗಳುಗಳ ಲೆಕ್ಕದ್ದು. ಎಲ್ಲದರ ಮೇಲಿನ ದಿನಾಂಕ ಮುಗಿದುಹೋಗಿತ್ತು. ಅತಿಥಿಗಳು ಬಂದಾಗ ಕೋಣೆಯ ದೀಪ ಹಾಕುತ್ತಾರಂತೆ. ಹೊರಗೆ ಗಾಜಿಗೆ ಮುಖ ಒತ್ತಿ ನೋಡುತ್ತಿದ್ದ ಇಬ್ಬರು ಹುಡುಗರನ್ನು ‘ಇದರಲ್ಲಿ ಏನಾದರೂ ಮಾಡಿದ್ದೀರಾ?’ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಅವರ ಚೀಲದಲ್ಲಿ ವೈರುಗಳು ಕಿತ್ತುಬಂದ ಬ್ರೆಡ್‌ಬೋರ್ಡ್ ಇತ್ತು.

ಯಂತ್ರ ಕೆಟ್ಟೀತು ಎಂಬ ಭಯ ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ ನಾಜಲ್ ಕಟ್ಟಿಕೊಂಡಿದೆ, ಹಲಗೆ ಮಟ್ಟವಿಲ್ಲದೆ ಗೆರೆಗಳು ನಡುವೆ ತುಂಡಾಗಿವೆ, ಒಮ್ಮೆ ಸೋಲ್ಡರ್ ಪೇಸ್ಟಿನ ಕಾರ್ಟ್ರಿಜ್ಜನ್ನು ಶಾಯಿಯದೆಂದು ಹಾಕಿ ಇಡೀ ಮಧ್ಯಾಹ್ನ ಹೋಗಿದೆ. ಸರಿಮಾಡಿದವರು ವಿದ್ಯಾರ್ಥಿಗಳೇ. ಬಾಗಿಲ ಬಳಿ ಒಂದು ನೋಟುಪುಸ್ತಕ ಕಟ್ಟಿದ್ದೆ. ಬೋರ್ಡ್ ತೆಗೆದವರು ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಎರಡು ಸಾಲು ಬರೆಯಬೇಕು. ಮುಂದಿನವರು ಅದನ್ನು ಓದಿದ ಮೇಲೆಯೇ ಯಂತ್ರದ ಸ್ವಿಚ್ ಹಾಕಬೇಕು. ಮೂರನೆಯ ವರ್ಷಕ್ಕೆ ಆ ಪುಸ್ತಕದಲ್ಲಿ ಐರನ್ನಿನಿಂದ ಪ್ಯಾಡ್ ಹೋಯಿತು ಎಂಬ ಸಾಲು ಅಪರೂಪವಾಗಿತ್ತು.

ಆದ್ದರಿಂದ ಇಂಥ ಯಂತ್ರ ಕೊಳ್ಳಬೇಕೆಂದಿರುವ ಕಾಲೇಜುಗಳವರಲ್ಲಿ ನನ್ನ ಕೋರಿಕೆ ಇಷ್ಟು. ಯಂತ್ರದ ಹಣದ ಜೊತೆಗೇ ಪ್ರತಿವರ್ಷದ ಶಾಯಿಗೂ ಸೋಲ್ಡರಿಗೂ ಹಣ ತೆಗೆದಿಡಿ, ಇಲ್ಲದಿದ್ದರೆ ಕೊಳ್ಳಲೇಬೇಡಿ. ಡಿಸೈನ್ ಸಾಫ್ಟ್‌ವೇರಿಗೆ ಹಣ ಬೇಕಿಲ್ಲ. 1992ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ, ಮುಂದೆ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯ ನೆರವೂ ಪಡೆದು ಬೆಳೆದ ಕೈಕ್ಯಾಡ್ ಉಚಿತವಾಗಿದೆ, ಅದರಿಂದ ಬರುವ, ಬೋರ್ಡಿನ ನಕ್ಷೆಯಿರುವ ಗರ್ಬರ್ ಫೈಲನ್ನೇ ಮೇಜಿನ ಯಂತ್ರವೂ ಕಾರ್ಖಾನೆಯೂ ಓದುತ್ತವೆ. ಬೀಗದ ಕೈಯನ್ನು ಪ್ರಯೋಗಾಲಯದ ಸಹಾಯಕರ ಬಳಿ ಇಡಿ, ಸಂಜೆ ಎರಡು ಗಂಟೆ ಹೆಚ್ಚು ತೆರೆದಿಡಿ. ಮೊದಲ ಬೋರ್ಡ್ ಕೆಟ್ಟದ್ದಕ್ಕೆ ಅಂಕ ಕಳೆಯಬೇಡಿ, ಕೆಟ್ಟದ್ದೇಕೆಂದು ಬರೆಯದಿದ್ದರೆ ಕಳೆಯಿರಿ.

ಆ ಗಾಜಿನ ಕೋಣೆಯವರಿಗೂ ನಾನು ಪತ್ರ ಬರೆದಿದ್ದೇನೆ. ಹೊಸ ಶಾಯಿ ತರಿಸಿದರೆ ವಾರಕ್ಕೆರಡು ದಿನ ಬಂದು ಮಕ್ಕಳ ಜೊತೆ ಕೂರಲು ಸಿದ್ಧಳಿದ್ದೇನೆ, ಸಂಬಳ ಬೇಡ ಎಂದು ತಿಳಿಸಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ,
ನಿವೃತ್ತ ಪ್ರಯೋಗಾಲಯ ಬೋಧಕಿ