ಬೆಳಕಿನಿಂದ ಬರೆದ ಚಿತ್ರ ಕಂಪ್ಯೂಟರಿನ ಕೈಚಳಕವಲ್ಲ

ಮಾನ್ಯ ಸಂಪಾದಕರೇ,

ರಾತ್ರಿಯ ಛಾಯಾಗ್ರಹಣದಲ್ಲಿ 'ಲೈಟ್ ಪೇಂಟಿಂಗ್' ಎಂದು ಕರೆಯುವ, ಅಂದರೆ ಕ್ಯಾಮೆರಾ ಚಿತ್ರ ತೆಗೆಯುತ್ತಿರುವಾಗಲೇ ಕತ್ತಲಲ್ಲಿ ಕೈಯಲ್ಲಿನ ದೀಪದಿಂದ ಬೆಳಕು ಹಾಯಿಸುವ ವಿಧಾನದ ಬಗ್ಗೆ ನಮ್ಮ ಸ್ಪರ್ಧೆಗಳ ತೀರ್ಪುಗಾರರಲ್ಲಿ ಇರುವ ಒಂದು ತಪ್ಪು ತಿಳಿವಳಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಗಮನಕ್ಕೆ ತರಲು ಬಯಸುತ್ತೇನೆ. ಇತ್ತೀಚೆಗೆ ನಡೆದ ಒಂದು ಸ್ಪರ್ಧೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳಿಸಿದ್ದ ಚಿತ್ರವನ್ನು 'ಕಂಪ್ಯೂಟರಿನಲ್ಲಿ ತಯಾರಿಸಿದ್ದು' ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಲಾಯಿತು. ಮೂಲ ಕಡತವನ್ನು ತೋರಿಸುತ್ತೇವೆ ಎಂದು ಕೇಳಿಕೊಂಡರೂ ಅದನ್ನು ತೆರೆದು ನೋಡುವ ಸೌಜನ್ಯ ಆಯೋಜಕರಿಂದ ದೊರೆಯಲಿಲ್ಲ.

ಆ ಚಿತ್ರ ತೆಗೆದ ರಾತ್ರಿ ನಾನು ಜೊತೆಯಲ್ಲಿದ್ದೆ. ಚಿತ್ರದುರ್ಗದ ಹೊರವಲಯದಲ್ಲಿ, ಪರಿಚಯದವರ ಹೊಲದ ಅಂಚಿನಲ್ಲಿರುವ ಒಂದು ಹೆಬ್ಬಂಡೆಯೇ ನಮ್ಮ ವಸ್ತು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಬಿಗಿದು, ಟಾರ್ಚ್ ಬೆಳಕಿನಲ್ಲಿ ಫೋಕಸ್ ಹೊಂದಿಸಿಕೊಂಡು, ಕ್ಯಾಮೆರಾದೊಳಗೆ ಬೆಳಕು ಬಿಡುವ ಷಟರನ್ನು ಎರಡು ನಿಮಿಷ ತೆರೆದಿಟ್ಟೆವು. ಆ ಎರಡು ನಿಮಿಷಗಳಲ್ಲಿ ಅವಳು ಕಪ್ಪು ಬಟ್ಟೆ ತೊಟ್ಟು ಬಂಡೆಯ ಪಕ್ಕದಲ್ಲಿ ನಡೆಯುತ್ತ, ಮನೆಯಲ್ಲಿ ಬಳಸುವ ಸಾಧಾರಣ ಟಾರ್ಚಿನಿಂದ ಕಲ್ಲಿನ ಮೈಮೇಲೆ ಬೆಳಕನ್ನು ಸವರುತ್ತ ಹೋದಳು. ಕತ್ತಲಲ್ಲಿ ಅವಳ ಮೈಯಿಂದ ಕ್ಯಾಮೆರಾಕ್ಕೆ ತಲುಪುವ ಬೆಳಕು ತೀರ ಕಡಿಮೆಯಾದ್ದರಿಂದಲೂ, ಅವಳು ಒಂದೆಡೆ ನಿಲ್ಲದೆ ಚಲಿಸುತ್ತಿದ್ದುದರಿಂದಲೂ ಚಿತ್ರದಲ್ಲಿ ಅವಳ ಸುಳಿವೇ ಮೂಡಲಿಲ್ಲ. ಬೆಳಕು ಬಿದ್ದ ಬಂಡೆ ಮಾತ್ರ ಉಳಿಯಿತು. ತೀರ್ಪುಗಾರರಿಗೆ ಅಸಹಜವೆಂದು ತೋರಿದ್ದು ಇದೇ ಇರಬೇಕು.

ಇದು ಒಂದೇ ಸಲಕ್ಕೆ ಕೈಗೂಡಿದ ಚಿತ್ರವೂ ಅಲ್ಲ. ಮೊದಲು ಕ್ಯಾಮೆರಾದ ಪಕ್ಕದಲ್ಲೇ ನಿಂತು ಬೆಳಕು ಹಾಯಿಸಿದಾಗ ಬಂಡೆ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗಿ ಕಂಡಿತು. ಬಲಗಡೆಗೆ ಸರಿದು, ಕಲ್ಲಿನ ಮೈಗೆ ಬಹುತೇಕ ಸಮಾನಾಂತರವಾಗಿ ಟಾರ್ಚ್ ಹಿಡಿದ ಮೇಲೆಯೇ ಅದರ ಉಬ್ಬು, ತಗ್ಗು, ಬಿರುಕುಗಳೆಲ್ಲ ನೆರಳು ಪಡೆದು ಎದ್ದುನಿಂತವು. ಒಂದೇ ಕಡೆ ಕೈ ನಿಂತರೆ ಅಲ್ಲೊಂದು ಬಿಳಿ ಕಲೆ ಬೀಳುತ್ತದೆ. ಟಾರ್ಚಿನ ಬಾಯಿ ಕ್ಷಣಮಾತ್ರ ಲೆನ್ಸಿನ ಕಡೆ ತಿರುಗಿದರೂ ಗಾಳಿಯಲ್ಲಿ ಗೆರೆಯೊಂದು ಮೂಡಿಬಿಡುತ್ತದೆ. ಎಲ್‌ಇಡಿಯ ನೀಲಿ ಛಾಯೆ ಕಲ್ಲಿಗೆ ಒಗ್ಗದ ಕಾರಣ ಟಾರ್ಚಿಗೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ ಕಟ್ಟಿದೆವು. ಹೀಗೆ ಹದಿನೇಳು ಸಲ ತೆಗೆದ ಮೇಲೆ ಹದಿನೆಂಟನೆಯದು ಅವಳ ಮನಸ್ಸಿಗೆ ಬಂತು. ಬೆಳಕು ಎಲ್ಲಿ, ಎಷ್ಟು ಹೊತ್ತು, ಯಾವ ಕೋನದಿಂದ ಬೀಳಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಪಾಠ ನನ್ನ ಮೂವತ್ತು ವರ್ಷಗಳ ವಿಜ್ಞಾನ ಬೋಧನೆಯಲ್ಲಿ ಬೇರೆ ಸಿಕ್ಕಿಲ್ಲ.

ಈ ವಿಧಾನ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. 1889ರಲ್ಲಿಯೇ ಫ್ರಾನ್ಸಿನ ವಿಜ್ಞಾನಿ ಎತಿಯೆನ್-ಜೂಲ್ ಮಾರೆ ಮತ್ತು ಅವರ ಸಹಾಯಕ ಜಾರ್ಜ್ ದೆಮೆನಿ, ನಡೆಯುವ ವ್ಯಕ್ತಿಯ ಕೀಲುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿ ನಡಿಗೆಯ ಚಲನೆಯನ್ನು ಬೆಳಕಿನ ಗೆರೆಗಳಾಗಿ ಸೆರೆಹಿಡಿದಿದ್ದರು. 1949ರಲ್ಲಿ ಛಾಯಾಗ್ರಾಹಕ ಗ್ಯೋನ್ ಮಿಲಿ ದಕ್ಷಿಣ ಫ್ರಾನ್ಸಿನಲ್ಲಿದ್ದ ಪಿಕಾಸೊ ಅವರ ಕೈಗೆ ಚಿಕ್ಕ ವಿದ್ಯುದ್ದೀಪ ಕೊಟ್ಟು, ಅವರು ಕತ್ತಲೆಯಲ್ಲಿ ಗಾಳಿಯಲ್ಲೇ ಬರೆದ ರೇಖಾಚಿತ್ರಗಳನ್ನು ಫಿಲ್ಮಿನ ಮೇಲೆ ಉಳಿಸಿದರು. ಅವುಗಳನ್ನು ಛಾಯಾಚಿತ್ರಗಳಲ್ಲವೆಂದು ಹೇಳಲು ಸಾಧ್ಯವೇ?

ಅನುಮಾನ ಬಂದರೆ ಪರಿಶೀಲಿಸುವ ದಾರಿಯೂ ಸುಲಭವಾಗಿದೆ. ಷಟರ್ ಎಷ್ಟು ಹೊತ್ತು ತೆರೆದಿತ್ತೆಂಬುದು ಕ್ಯಾಮೆರಾದ ಮೂಲ ಕಡತದಲ್ಲೇ ದಾಖಲಾಗಿರುತ್ತದೆ. ಆ ಚಿತ್ರದ ಆಕಾಶವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿದ್ದರೂ ಸಾಕಿತ್ತು: ಎರಡು ನಿಮಿಷಗಳಲ್ಲಿ ಭೂಮಿ ಅರ್ಧ ಡಿಗ್ರಿಯಷ್ಟು ತಿರುಗುವುದರಿಂದ ನಕ್ಷತ್ರಗಳು ಚುಕ್ಕಿಗಳಾಗದೆ ಪುಟ್ಟ ಗೀಟುಗಳಾಗಿವೆ. ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿದ್ದರೆ ಸ್ಪರ್ಧಿಯು ಅದನ್ನು ಹೇಳಲೇಬೇಕು, ಅದಕ್ಕೆ ಬೇರೆ ವಿಭಾಗವಿರಲಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಷಟರನ್ನು ಒಮ್ಮೆ ಮಾತ್ರ ತೆರೆದು, ಅಂದರೆ ಒಂದೇ ಎಕ್ಸ್‌ಪೋಷರಿನಲ್ಲಿ ಕೈಯಾರೆ ಬೆಳಕು ಹಾಯಿಸಿ ತೆಗೆದ ಚಿತ್ರವನ್ನು ಅದರೊಂದಿಗೆ ಸೇರಿಸುವುದು ನ್ಯಾಯವಲ್ಲ.

ಇದೇ ಸಂದರ್ಭದಲ್ಲಿ ಎಳೆಯರಿಗೆ ಒಂದು ಮಾತು ಹೇಳಲೇಬೇಕಾಗಿದೆ. ಉಕ್ಕಿನ ನಾರಿಗೆ ಬೆಂಕಿ ಹಚ್ಚಿ ಗಿರ್ರನೆ ತಿರುಗಿಸಿ ಕಿಡಿಗಳ ಚಿತ್ರ ತೆಗೆಯುವ ಹುಚ್ಚು ಹರಡುತ್ತಿದೆ. ಒಣಹುಲ್ಲಿನ ಬಯಲಿನಲ್ಲಿ, ಕಾಡಿನಂಚಿನಲ್ಲಿ, ಹಳೆಯ ಮಂಟಪಗಳೊಳಗೆ ದಯವಿಟ್ಟು ಅದನ್ನು ಮಾಡಬೇಡಿ. ಟಾರ್ಚಿನಿಂದ ಕಲ್ಲಿಗೂ ಹುಲ್ಲಿಗೂ ಹಾನಿಯಿಲ್ಲ. ಆದರೆ ಗೂಡಿನಲ್ಲಿರುವ ಹಕ್ಕಿಗಳ ಮೇಲೆ ಆ ಬೆಳಕನ್ನೂ ಹಾಯಿಸಬಾರದು.

ಛಾಯಾಗ್ರಹಣ ಸ್ಪರ್ಧೆಗಳನ್ನು ನಡೆಸುವ ಸಂಘಗಳು ತಮ್ಮ ನಿಯಮಗಳಲ್ಲಿ ದೀರ್ಘ ಎಕ್ಸ್‌ಪೋಷರ್ ಮತ್ತು ಲೈಟ್ ಪೇಂಟಿಂಗ್‌ಗೆ ಅವಕಾಶವಿದೆಯೇ ಇಲ್ಲವೇ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕೆಂದೂ, ಅನುಮಾನವಿದ್ದಾಗ ಮೂಲ ಕಡತವನ್ನು ತರಿಸಿಕೊಂಡು ನೋಡಿದ ಬಳಿಕವೇ ನಿರ್ಧರಿಸಬೇಕೆಂದೂ ವಿನಂತಿಸುತ್ತೇನೆ. ಆ ರಾತ್ರಿಯ ಹದಿನೆಂಟೂ ಕಡತಗಳನ್ನು ನನ್ನ ವಿದ್ಯಾರ್ಥಿನಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಯಾವ ತೀರ್ಪುಗಾರರು ಕೇಳಿದರೂ ತೋರಿಸಲು ಅವಳು ಸಿದ್ಧಳಿದ್ದಾಳೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಚಿತ್ರದುರ್ಗ